ಹೊಕ್ಕುಳಿನಷ್ಟು ಗಾಯ: ಹಸುಗೂಸಿನ ಶಸ್ತ್ರಚಿಕಿತ್ಸೆಯ ಹಾದಿ

ಗರ್ಭಿಣಿಯ ಕೊನೆಯ ತಿಂಗಳುಗಳ ಸ್ಕ್ಯಾನ್ ವರದಿಯಲ್ಲಿ ‘ಸಿಸ್ಟ್’ ಎಂಬ ಪದ ಕಂಡೊಡನೆ ಮನೆಯವರ ನಿದ್ದೆ ಹಾರಿಹೋಗುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಾದರೆ ಆ ಸುದ್ದಿ ಅಂದೇ ಮೈಸೂರಿಗೋ ಧಾರವಾಡಕ್ಕೋ ತಲುಪಿ, ಅಲ್ಲಿ ಅಜ್ಜಿ ಮನೆದೇವರಿಗೆ ಮುಡಿಪು ಕಟ್ಟಿರುತ್ತಾರೆ. ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ಹೆಣ್ಣು ಶಿಶುವಿನ ಕಿಬ್ಬೊಟ್ಟೆಯಲ್ಲಿ ಕಾಣುವ ಇಂಥ ಚೀಲ ಅನೇಕ ವೇಳೆ ಅಂಡಾಶಯದ್ದಾಗಿರುತ್ತದೆ. ತಾಯಿಯ ಮತ್ತು ಮಾಸಿನ ಹಾರ್ಮೋನುಗಳ ಪ್ರಚೋದನೆಯಿಂದ ಗರ್ಭದಲ್ಲಿಯೇ ಬೆಳೆದಿರುತ್ತದೆ. ಅದನ್ನು ಕಂಡುಹಿಡಿಯುವ, ಅಗತ್ಯವಿದ್ದರೆ ತೀರ ಸಣ್ಣ ಗಾಯದಿಂದ ಗುಣಪಡಿಸುವ ವಿದ್ಯೆಯ ಚರಿತ್ರೆಯ ದೊಡ್ಡ ಪಾಲು ನಾವಿರುವ ಈ ದ್ವೀಪದಲ್ಲಿಯೇ ನಡೆದಿದೆ.

ಆ ಕಥೆ ಒಂದು ಬಾಯ್ಲರ್ ಕಾರ್ಖಾನೆಯನ್ನು ಹಾದು ಬರುತ್ತದೆ. ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದಾಗ ರಾಡಾರ್ ತಂತ್ರವನ್ನು ಬಲ್ಲವರಾಗಿದ್ದರು. ಲೋಹದೊಳಗಿನ ಬಿರುಕನ್ನು ಶಬ್ದತರಂಗಗಳಿಂದ ಪತ್ತೆಹಚ್ಚುವ ಯಂತ್ರವೊಂದು ರೆನ್‌ಫ್ರೂವಿನ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಾರ್ಖಾನೆಯಲ್ಲಿದೆಯೆಂದು ತಿಳಿದು, 1955ರ ಜುಲೈ ತಿಂಗಳಿನಲ್ಲಿ ಅವರು ಅಲ್ಲಿಗೆ ಹೋದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ಸಿಸ್ಟ್‌ಗಳನ್ನೂ ಕಾರಿನ ಹಿಂಬದಿಯಲ್ಲಿ ತುಂಬಿಸಿಕೊಂಡು ಹೋಗಿದ್ದರು. ಕಾರ್ಖಾನೆಯವರು ಹೋಲಿಕೆಗೆಂದು ಒಂದು ದೊಡ್ಡ ಮಾಂಸದ ತುಂಡನ್ನು ಒದಗಿಸಿದರು. ಗಟ್ಟಿ ಗಡ್ಡೆಯ ಪ್ರತಿಧ್ವನಿ ಒಂದು ಬಗೆ, ದ್ರವ ತುಂಬಿದ ಚೀಲದ್ದು ಇನ್ನೊಂದು ಬಗೆ. ಡೊನಾಲ್ಡ್ ತಂಡದ ಲೇಖನ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಎಂದು ಕೈಬಿಡಲಾಗಿದ್ದ ಮಹಿಳೆಯೊಬ್ಬರ ಹೊಟ್ಟೆಯಲ್ಲಿದ್ದುದು ಕೇವಲ ದೊಡ್ಡದೊಂದು ಸಿಸ್ಟ್ ಎಂದು ಆ ಯಂತ್ರ ತೋರಿಸಿಕೊಟ್ಟಿತ್ತು. ಅದನ್ನು ತೆಗೆದ ಮೇಲೆ ಆಕೆ ಗುಣಮುಖರಾದರು. ನಮ್ಮ ಇಂದಿನ ಸ್ಕ್ಯಾನ್‌ನ ಮೂಲ ಇದು. (ಇದೇ ಯಂತ್ರ ಭಾರತದಲ್ಲಿ ಹೆಣ್ಣು ಭ್ರೂಣಗಳ ಪಾಲಿಗೆ ಏನಾಯಿತೆಂಬುದನ್ನು ನಾವೆಲ್ಲರೂ ಬಲ್ಲೆವು. ಭ್ರೂಣದ ಲಿಂಗವನ್ನು ತಿಳಿಸುವುದನ್ನು 1994ರ ಕಾನೂನು ನಿಷೇಧಿಸಿರುವ ಆ ನೆಲದಲ್ಲಿ, ‘ಅಂಡಾಶಯದ ಸಿಸ್ಟ್’ ಎಂಬ ಮಾತೇ ಗುಟ್ಟನ್ನು ಹೊರಹಾಕಿಬಿಡುತ್ತದೆ.)

ಕಾಣುವುದು ಬೇರೆ, ಕೈಯಿಡುವುದು ಬೇರೆ. 3 ಕಿಲೋ ತೂಕದ ಹಸುಗೂಸಿನ ಮೈಯಲ್ಲಿರುವ ರಕ್ತ ಸುಮಾರು 250 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಅದರಲ್ಲಿ ನಾಲ್ಕು ಚಮಚ ಚೆಲ್ಲಿದರೂ ಲೆಕ್ಕಕ್ಕೆ ಬರುತ್ತದೆ. ಮೈ ಬೇಗನೆ ತಣ್ಣಗಾಗುತ್ತದೆ. ಇಂಥ ಶಿಶುಗಳಿಗೆ ಪ್ರತ್ಯೇಕ ಆರೈಕೆಯೇ ಬೇಕೆಂದು ಮನಗಂಡು, ಇಸಬೆಲಾ ಫೋರ್ಷಲ್ ಮತ್ತು ಪೀಟರ್ ರಿಕ್ಹಾಮ್ ಎಂಬ ಶಸ್ತ್ರವೈದ್ಯರು 1953ರಲ್ಲಿ ಲಿವರ್‌ಪೂಲಿನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ನವಜಾತರ ಶಸ್ತ್ರಚಿಕಿತ್ಸಾ ಘಟಕವನ್ನು ಕಟ್ಟಿದರು. ಲೋಕದಲ್ಲಿ ಅಂಥ ಘಟಕಗಳಲ್ಲಿ ಮೊದಲನೆಯದೆಂದು ಅದನ್ನು ಎಣಿಸಲಾಗುತ್ತದೆ. ಬದುಕುವ ಮಕ್ಕಳ ಸಂಖ್ಯೆ ಹೆಚ್ಚಿತು, ನಿಜ. ಆದರೆ ಹೊಟ್ಟೆಯನ್ನು ಅಡ್ಡಲಾಗಿ ಸೀಳಿಯೇ ಒಳಗೆ ನೋಡಬೇಕಿತ್ತು. ಸಿಸ್ಟ್‌ನೊಂದಿಗೆ ಅಂಡಾಶಯವನ್ನೂ ತೆಗೆದುಹಾಕುವುದು ಅಪರೂಪವಾಗಿರಲಿಲ್ಲ.

ಸೀಳದೆ ನೋಡುವ ಬಗೆಗೂ ಲಿವರ್‌ಪೂಲಿನಿಂದಲೇ ಪ್ರೇರಣೆ ಬಂದಿತು. ಅಲ್ಲಿನ ಮೂತ್ರರೋಗ ತಜ್ಞ ಜೇಮ್ಸ್ ಗೌ, ತಮ್ಮ ದರ್ಶಕನಳಿಕೆಯಲ್ಲಿ ಏನೂ ಸ್ಪಷ್ಟವಾಗಿ ಕಾಣುವುದಿಲ್ಲವೆಂದು ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಅವರನ್ನು ಕೇಳಿಕೊಂಡರು. ಹಳೆಯ ನಳಿಕೆಯಲ್ಲಿ ಪುಟ್ಟ ಮಸೂರಗಳ ನಡುವೆ ಉದ್ದುದ್ದ ಗಾಳಿಯ ಅಂತರವಿರುತ್ತಿತ್ತು. ಹಾಪ್ಕಿನ್ಸ್ ಅದನ್ನು ತಲೆಕೆಳಗು ಮಾಡಿದರು: ಗಾಳಿಯಿದ್ದ ಕಡೆ ಗಾಜಿನ ಸರಳು, ಗಾಜಿದ್ದ ಕಡೆ ತೆಳುವಾದ ಗಾಳಿಯ ಪದರ. ಬೆಳಕು ಎಷ್ಟೋ ಪಟ್ಟು ಹೆಚ್ಚಿತು, ನಳಿಕೆ ಸಪೂರವಾಗಲು ಸಾಧ್ಯವಾಯಿತು. 1959ರಲ್ಲಿ ಪೇಟೆಂಟ್ ಪಡೆದ ಈ ಯುಕ್ತಿಯತ್ತ ಇಲ್ಲಿನ ಕಂಪನಿಗಳು ಕಣ್ಣೆತ್ತಿಯೂ ನೋಡಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಇಂಗ್ಲೆಂಡಿಗೂ ಸಲ್ಲುತ್ತದೆ. ಕಡೆಗೆ ಜರ್ಮನಿಯ ಕಾರ್ಲ್ ಸ್ಟೋರ್ಟ್ಸ್ ಅದನ್ನು ಕೈಗೆತ್ತಿಕೊಂಡರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟೀಫನ್ ಗ್ಯಾನ್ಸ್ ಅಂಥ ಸಪೂರ ನಳಿಕೆಗಳಿಂದ ಶಿಶುಗಳ ಹೊಟ್ಟೆಯೊಳಗನ್ನು ನೋಡತೊಡಗಿದರು.

ನೋಡುವುದರಿಂದ ಮುಂದೆ ಸಾಗಿ, ನಳಿಕೆಯ ಮೂಲಕವೇ ಶಸ್ತ್ರಕ್ರಿಯೆ ನಡೆಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್. 1980ರಲ್ಲಿ ಅವರು ಹೀಗೆ ಅಪೆಂಡಿಕ್ಸ್ ತೆಗೆದಾಗ ಸಹವೃತ್ತಿಯವರಿಂದ ದೊರೆತದ್ದು ಮೆಚ್ಚುಗೆಯಲ್ಲ, ಮೂದಲಿಕೆ. ಮುಂದಿನ ಹತ್ತು ವರ್ಷಗಳಲ್ಲಿ ವಯಸ್ಕರ ಪಿತ್ತಕೋಶವನ್ನು ಹೀಗೆ ತೆಗೆಯುವುದು ರೂಢಿಯಾಯಿತು. ಹಸುಗೂಸು ಮಾತ್ರ ಸಾಲಿನ ಕೊನೆಯಲ್ಲಿಯೇ ನಿಂತಿತ್ತು. 10 ಮಿಲಿಮೀಟರ್ ದಪ್ಪದ ಉಪಕರಣಗಳು ಅಂಗೈಯಗಲದ ಹೊಟ್ಟೆಗೆ ಹೇಗೆ ಹೊಂದೀತು? ಹೊಟ್ಟೆಯನ್ನು ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲ ಪುಟ್ಟ ಶ್ವಾಸಕೋಶಗಳನ್ನು ಮೇಲಕ್ಕೊತ್ತುತ್ತದೆ, ರಕ್ತಕ್ಕೂ ಇಳಿಯುತ್ತದೆ. 3 ಮಿಲಿಮೀಟರ್ ಉಪಕರಣಗಳು ಬಂದು, ಅನಿಲದ ಒತ್ತಡವನ್ನು ವಯಸ್ಕರಿಗೆ ಬಳಸುವುದರ ಅರ್ಧದಷ್ಟಕ್ಕೆ ಇಳಿಸುವುದನ್ನು ವೈದ್ಯರು ಕಲಿತ ಮೇಲೆಯೇ ಆ ಬಾಗಿಲು ತೆರೆಯಿತು.

ಇನ್ನೊಂದು ಸಂಗತಿಯನ್ನು ಬರೆಯಲು ನಮಗೆ ಮನಸ್ಸು ಹಿಂಜರಿಯುತ್ತದೆ. 1980ರ ದಶಕದವರೆಗೂ ನವಜಾತ ಶಿಶುವಿಗೆ ನೋವು ತಿಳಿಯದೆಂಬ ಎಣಿಕೆ ವೈದ್ಯಲೋಕದಲ್ಲಿ ವ್ಯಾಪಕವಾಗಿತ್ತು. ಅರಿವಳಿಕೆಯೇ ಅಪಾಯವೆಂಬ ಭಯವೂ ಸೇರಿ, ಎಷ್ಟೋ ಕೂಸುಗಳಿಗೆ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟು, ನೋವುನಿವಾರಕವನ್ನು ಅತ್ಯಲ್ಪವಾಗಿ ಬಳಸಿ ಶಸ್ತ್ರಕ್ರಿಯೆ ಮಾಡಲಾಗುತ್ತಿತ್ತು. ಅಲುಗಾಡಲಾರದ ಕೂಸು ಅಳುವುದಾದರೂ ಹೇಗೆ? ಭಾರತದಿಂದ ಆಕ್ಸ್‌ಫರ್ಡಿಗೆ ಬಂದಿದ್ದ ವೈದ್ಯ ಕನ್ವಲ್‌ಜೀತ್ ಸಿಂಗ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಮುರಿಯಿತು. ಫೆಂಟನಿಲ್ ಎಂಬ ನೋವುನಿವಾರಕ ಪಡೆಯದ ಶಿಶುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಬಹಳವಾಗಿ ಏರಿದ್ದವು. ಶಸ್ತ್ರಕ್ರಿಯೆಯ ನಂತರದ ತೊಡಕುಗಳೂ ಅವರಲ್ಲಿಯೇ ಹೆಚ್ಚು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನವಜಾತರಿಗೆ ಅರಿವಳಿಕೆ ಕೊಡಬೇಕೆಂದು ಘೋಷಿಸಿತು. ಸಣ್ಣ ಗಾಯದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಯಂತ್ರಗಳದೇ ಮಾತು. ನಮ್ಮ ದೃಷ್ಟಿಯಲ್ಲಿ ಈ ಅಧ್ಯಯನಕ್ಕೆ ಗಾಜಿನ ಸರಳಿಗಿಂತ ಮೇಲಿನ ಸ್ಥಾನ ಸಲ್ಲಬೇಕು.

ಇಂದು ಅಂಡಾಶಯದ ಸಿಸ್ಟ್ ಇರುವ ಹೆಣ್ಣುಕೂಸು ಹುಟ್ಟಿದರೆ ವೈದ್ಯರು ಮೊದಲು ಮಾಡುವುದು ಕಾಯುವುದು. ಹೆರಿಗೆಯೊಡನೆ ತಾಯಿಯ ಹಾರ್ಮೋನುಗಳ ಆಸರೆ ತಪ್ಪುವುದರಿಂದ, ಸುಮಾರು 4 ಸೆಂಟಿಮೀಟರಿಗಿಂತ ಚಿಕ್ಕದಾದ ಸರಳ ಚೀಲಗಳು ಹೆಚ್ಚಾಗಿ ಕೆಲವೇ ತಿಂಗಳುಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು. ಚೀಲ ದೊಡ್ಡದಾಗಿದ್ದರೆ ಅದರ ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತಸಂಚಾರ ನಿಲ್ಲುವ ಅಪಾಯವಿದೆ. ಆಗ ಹೊಕ್ಕುಳಿನ ಮಡಿಕೆಯಲ್ಲಿ ಸಣ್ಣದೊಂದು ಗಾಯ ಮಾಡಿ ನಳಿಕೆಯನ್ನು ಇಳಿಸುತ್ತಾರೆ. ಸೂಜಿಯಿಂದ ದ್ರವವನ್ನು ಹೀರಿದಾಗ ಚೀಲ ಮುದುಡುತ್ತದೆ. ಅನೇಕ ಸಲ ಅಂಡಾಶಯವನ್ನು ಆ ಹೊಕ್ಕುಳಿನ ಕಿಂಡಿಯಿಂದಲೇ ಮೆಲ್ಲನೆ ಹೊರಗೆಳೆದು, ಚೀಲದ ಗೋಡೆಯನ್ನು ಸುಲಿದು ತೆಗೆದು, ಅಂಡಾಶಯವನ್ನು ಮತ್ತೆ ಅದರ ಜಾಗಕ್ಕೆ ಬಿಡುತ್ತಾರೆ.