ರಸ್ತೆಗಾಗಿ ಹುಟ್ಟಿದ ಊರು, ಹೆಸರು ಬದಲಾದ ಜಿಲ್ಲೆ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ 2007ರ ಆಗಸ್ಟ್‌ನಲ್ಲಿ ಹೊಸ ಜಿಲ್ಲೆಯೊಂದು ಅಸ್ತಿತ್ವಕ್ಕೆ ಬಂತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಅದಕ್ಕೆ ಹದಿನೆಂಟು ತುಂಬುವ ಮೊದಲೇ, 2025ರ ಮೇ ತಿಂಗಳಲ್ಲಿ, ರಾಜ್ಯ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಿತು. ಜಿಲ್ಲಾ ಕೇಂದ್ರ ರಾಮನಗರವೇ ಆಗಿ ಉಳಿಯಿತು. ಇದರ ಸುತ್ತ ಎದ್ದ ವಿವಾದ ರಾಜಕೀಯದ್ದಾದರೂ, ಈ ಭಾಗಕ್ಕೆ ಹೆಸರು ಬದಲಾಗುವುದು ಹೊಸದೇನಲ್ಲ. ಪ್ರತಿ ಬಾರಿಯೂ ಆ ಬದಲಾವಣೆಯ ಹಿಂದೆ ಇದೇ ರಸ್ತೆಯ ನೆರಳಿದೆ.

ಹದಿನೆಂಟನೆಯ ಶತಮಾನದಲ್ಲಿ ಬೆಂಗಳೂರಿನ ಕೋಟೆಗೂ ಶ್ರೀರಂಗಪಟ್ಟಣಕ್ಕೂ ನಡುವಿನ ದಾರಿ ಬಂಡೆ, ಬೆಟ್ಟ, ಕುರುಚಲು ಕಾಡುಗಳ ನಡುವೆ ಸಾಗುತ್ತಿತ್ತು. ಸಾವನದುರ್ಗ, ರಾಮಗಿರಿ, ಶಿವನಗಿರಿಗಳಂಥ ಗಿರಿದುರ್ಗಗಳು ಅದಕ್ಕೆ ಕಾವಲಾಗಿದ್ದವು. 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸನಿಗೆ ಟಿಪ್ಪುವಿನ ರಾಜಧಾನಿಯನ್ನು ಒಮ್ಮೆಗೇ ಹಿಡಿಯಲಾಗಲಿಲ್ಲ. ಸೇನೆಗೆ ದವಸಧಾನ್ಯ ಒದಗಬೇಕಾದರೆ ದಾರಿ ಕೈಯಲ್ಲಿರಬೇಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಬೆನ್ನಿಗೇ ರಾಮಗಿರಿಯೂ ಕೈಬಿಟ್ಟಿತು. ಮರುವರ್ಷದ ಆರಂಭದಲ್ಲಿ ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣವನ್ನು ಮುತ್ತಿತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿನ ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ ಬಂತು. ನಿರ್ಜನವಾಗಿದ್ದ ಈ ದಾರಿಯಲ್ಲಿ ಪ್ರಯಾಣಿಕರಿಗೆ ಭದ್ರತೆ ಬೇಕೆಂದು 1800ರಲ್ಲಿ ಅವರು ಅರ್ಕಾವತಿಯ ದಡದಲ್ಲಿ ಒಂದು ಪೇಟೆಯನ್ನು ನೆಲೆಗೊಳಿಸಿದರು. ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆಯಾಯಿತು. ಟಿಪ್ಪುವಿನ ಕಾಲದಲ್ಲಿ ಈ ಸ್ಥಳಕ್ಕೆ ಶಂಸೇರಾಬಾದ್ ಎಂಬ ಹೆಸರಿತ್ತೆಂಬ ಹೇಳಿಕೆಯೂ ಇದೆ. ಒಟ್ಟಿನಲ್ಲಿ, ರಸ್ತೆಯನ್ನು ಕಾಯಲೆಂದೇ ಹುಟ್ಟಿದ ಊರು ಇದು.

ಸ್ವಾತಂತ್ರ್ಯಾನಂತರ ಬ್ರಿಟಿಷ್ ಅಧಿಕಾರಿಯ ಹೆಸರು ಹೋಗಿ, ಪಕ್ಕದ ರಾಮದೇವರ ಬೆಟ್ಟವನ್ನು ನೆನಪಿಸುವ ರಾಮನಗರ ಎಂಬ ಹೆಸರು ಬಂತು. ಇದರ ಶ್ರೇಯಸ್ಸು ಈ ಭಾಗದವರೇ ಆದ ಕೆಂಗಲ್ ಹನುಮಂತಯ್ಯನವರಿಗೆ ಸಲ್ಲುತ್ತದೆ. ಆದರೆ ಹಳೆಯ ಹೆಸರು ಪೂರ್ತಿ ಅಳಿಯಲಿಲ್ಲ. ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯದಾದ ಶಿಲಾಶ್ರೇಣಿಯನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ.

ಜಿಲ್ಲೆ ಬೇಕೆನ್ನಿಸಿದ್ದಕ್ಕೂ ಕಾರಣವಿತ್ತು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ನಗರ, ಗ್ರಾಮಾಂತರ ಎಂದು ವಿಭಾಗಿಸಿದಾಗ ಗ್ರಾಮಾಂತರದ ಎಂಟು ತಾಲ್ಲೂಕುಗಳ ಆಡಳಿತ ನಗರದಲ್ಲಿಯೇ ಉಳಿಯಿತು. ಕನಕಪುರದ ಕಾಡಂಚಿನ ರೈತ ಜಿಲ್ಲಾಧಿಕಾರಿಯನ್ನು ಕಾಣಲು ರಾಜಧಾನಿಗೆ ಬರಬೇಕಿತ್ತು. ಕೆಂಗಲ್ ಹನುಮಂತಯ್ಯ, ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ—ಈ ನಾಲ್ವರು ಮುಖ್ಯಮಂತ್ರಿಗಳನ್ನು ವಿಧಾನಸಭೆಗೆ ಆರಿಸಿದ ನೆಲಕ್ಕೆ ತನ್ನದೇ ಜಿಲ್ಲಾ ಕಚೇರಿ ದೊರೆತದ್ದು ಕುಮಾರಸ್ವಾಮಿಯವರ ಅಧಿಕಾರಾವಧಿಯಲ್ಲಿ.

ಹೆದ್ದಾರಿ ಇಲ್ಲಿನ ಜನರ ಅನ್ನದ ದಾರಿಯೂ ಹೌದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದೂರದೂರದ ರೈತರು ಗೂಡು ತರುತ್ತಾರೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗೊಂಬೆಗಳಿಗೆ ರಸ್ತೆಬದಿಯ ಅಂಗಡಿಗಳೇ ಪ್ರದರ್ಶನಾಲಯ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳ ಜತೆಗೆ 1999ರಿಂದ ಮೋಟಾರು ಕಾರುಗಳೂ ತಯಾರಾಗುತ್ತಿವೆ. ಆದರೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 119 ಕಿಲೋಮೀಟರಿನ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಪ್ರಯಾಣದ ಅವಧಿ ಇಳಿಯಿತು. ಹಳೆಯ ರಸ್ತೆಯ ಗೊಂಬೆ ಅಂಗಡಿ, ಹೋಟೆಲುಗಳ ಗಿರಾಕಿಗಳೂ ಇಳಿದರು.

ಹೆಸರು ಬದಲಾವಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಭೂಮಿಗೆ ಬೆಲೆ ಏರುತ್ತದೆ. ತಾವು ಮೊದಲಿನಿಂದಲೂ ಬೆಂಗಳೂರು ಜಿಲ್ಲೆಯವರೇ ಎಂಬುದು ಪರವಾದವರ ಮಾತು. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದಾಗ ಕೆಂಪೇಗೌಡರ ವಂಶ ಮಾಗಡಿಯಲ್ಲಿ ನೆಲೆ ಕಂಡದ್ದನ್ನು ನೆನೆದರೆ ನಂಟು ಸುಳ್ಳಲ್ಲ. ಆದರೆ ರಾಜಧಾನಿಯ ನೆರಳಿನಿಂದ ಹೊರಬರಲೆಂದು ಪಡೆದ ಜಿಲ್ಲೆ ಮತ್ತೆ ರಾಜಧಾನಿಯ ಹೆಸರಿನಡಿ ಸೇರಿತು ಎಂಬ ವಿರೋಧಿಗಳ ಕೊರಗಿನಲ್ಲೂ ಹುರುಳಿದೆ. ಭೂಮಿಯ ಬೆಲೆ ಏರಿದಾಗ ಅದನ್ನು ಮಾರಿ ಹೋಗುವವನಿಗೆ ಲಾಭ. ಅಲ್ಲೇ ಹಿಪ್ಪುನೇರಳೆ ಬೆಳೆಯುವವನಿಗೆ ಬೇಕಾದದ್ದು ನೀರು, ಗೂಡಿಗೆ ಬೆಲೆ ಮತ್ತು ಕೈಗೆಟಕುವ ಕಚೇರಿ. ಹೊಸ ಹೆಸರಿನ ಜಿಲ್ಲೆ ಇವನ್ನು ಎಷ್ಟರಮಟ್ಟಿಗೆ ಒದಗಿಸುತ್ತದೆಂಬುದೇ ಅದರ ನಿಜವಾದ ಪರೀಕ್ಷೆ.