ಒಂದು ತಾಸಿನ ಭಕ್ತಿ

ದೇವರೊಡನೆ ಜೀವಂತ ಸಂಬಂಧವಿಲ್ಲದ ಕ್ರೈಸ್ತಮತ ಬರಿಯ ಸಿದ್ಧಾಂತವಾಗಿ ಉಳಿಯುತ್ತದೆಂಬ ಅಸಮಾಧಾನದಿಂದ ಜರ್ಮನಿಯ ಲೂಥರನ್ ಸಭೆಯೊಳಗೆ ಹುಟ್ಟಿದ ಭಕ್ತಿಪಂಥವೇ ಪೈಯಟಿಸಂ. 1670ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲಿ ಆರಂಭಿಸಿದ ಕೂಟಗಳು ಅದಕ್ಕೆ ರೂಪ ಕೊಟ್ಟವು. ವ್ಯುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ ಇಂಥ ಕೂಟಕ್ಕೆ ‘ಷ್ಟುಂಡೆ’, ಅಂದರೆ ಒಂದು ತಾಸು, ಎಂಬ ಹೆಸರು ನಿಂತಿತು: ಮೇಜಿನ ಮೇಲೆ ಬೈಬಲ್ ತೆರೆದಿಟ್ಟು, ರೈತರೂ ಕಸುಬುದಾರರೂ ಒಂದು ಭಾಗವನ್ನು ಓದಿ, ಅದು ತಮ್ಮ ಬಾಳಿಗೆ ಏನು ಹೇಳುತ್ತದೆಂದು ಸರದಿಯಂತೆ ಮಾತನಾಡುತ್ತಿದ್ದರು. ಚರ್ಚಿನ ಪೀಠದ ಹೊರಗೆ ನಡೆದ ಈ ಮಾತುಕತೆ ಅಧಿಕಾರಸ್ಥರಲ್ಲಿ ಅನುಮಾನ ಹುಟ್ಟಿಸಿದ್ದು ಸಹಜವೇ. ಆದರೂ ಅಲ್ಲಿನ ಸರ್ಕಾರದ 1743ರ ಆಜ್ಞೆ ಈ ಕೂಟಗಳನ್ನು ನಿಷೇಧಿಸದೆ, ಪಾದ್ರಿಗಳ ಮೇಲ್ವಿಚಾರಣೆಗೆ ಒಳಪಡಿಸಿ ಉಳಿಸಿತು. 1815ರಲ್ಲಿ ಸ್ಥಾಪನೆಯಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರುಗಳೂ ಇದೇ ಮಣ್ಣಿನವು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ, ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ವ್ಯುರ್ಟೆಂಬರ್ಗಿನವರೇ.