ಬೆಟ್ಟದ ಕೆಳಗಿನವನೂ ಬಯಲಿನವನೂ

ಒಂದೇ ಗಿಯರಿನ ಸೈಕಲ್ಲನ್ನು ಏರುದಾರಿಯಲ್ಲಿ ತುಳಿದವರಿಗೆ ಆ ಗಳಿಗೆ ಗೊತ್ತು. ಮೊದಲು ಸೀಟಿನಿಂದ ಎದ್ದು ನಿಲ್ಲುತ್ತೇವೆ, ಆಮೇಲೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿದು ತಳ್ಳುತ್ತೇವೆ. ಹಾಗೆ ಇಳಿಯುವುದು ಸೋಲೇ? ಇಳಿಯದಿರಲೆಂದು ಸೈಕಲ್ಲನ್ನೇ ಬದಲಿಸಿಕೊಂಡರೆ ಅದು ಮೋಸವೇ? ಈ ಪ್ರಶ್ನೆಯ ಮೇಲೆ ಫ್ರಾನ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಜಗಳ ನಡೆಯಿತು. ಅದರ ಎರಡು ತುದಿಗಳಲ್ಲಿ ನಿಂತವರು ಇಬ್ಬರೂ ಪತ್ರಿಕೆ ನಡೆಸಿದವರು.

ಮೊದಲನೆಯವನು ಪೋಲ್ ದ ವೀವಿ, ಹುಟ್ಟಿದ್ದು 1853ರಲ್ಲಿ. ಸಾಂತ್ ಎತಿಯೆನ್ ಊರಿನಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದ. ಸೈಕಲ್ಲಿನ ಹುಚ್ಚು ಹಿಡಿದು ವ್ಯಾಪಾರ ಬಿಟ್ಟ. 1887ರಲ್ಲಿ ಅವನು ಆರಂಭಿಸಿದ ಪತ್ರಿಕೆ ಮುಂದೆ 'ಲ ಸಿಕ್ಲಿಸ್ತ್' ಎಂದು ಹೆಸರಾಯಿತು. ಅದರಲ್ಲಿ 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಊರು ಬಿಟ್ಟು ದಕ್ಷಿಣಕ್ಕೆ ಹೊರಟರೆ ಏರು ಶುರು. 1161 ಮೀಟರ್ ಎತ್ತರದ ಕೋಲ್ ದ ಲಾ ರಿಪಬ್ಲಿಕ್ ಕಣಿವೆದಾರಿಯನ್ನು ದಾಟದೆ ಆ ಕಡೆ ಹೋಗುವಂತಿಲ್ಲ. ಒಂದು ದಿನ ಅವನು ಅಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಅವನ ಪತ್ರಿಕೆಯ ಓದುಗನೊಬ್ಬ ಬಾಯಲ್ಲಿ ಪೈಪ್ ಇಟ್ಟುಕೊಂಡು, ಹೊಗೆ ಬಿಡುತ್ತ ಮುಂದೆ ಹೋದನಂತೆ. ಕಥೆ ಸ್ವಲ್ಪ ಬೆಳೆದಿರಬಹುದು, ಸಂಪಾದಕರ ಸಂಕಟದ ಕಥೆಗಳು ಬೆಳೆಯುತ್ತವೆ. ಅವಮಾನದ ಫಲ ಮಾತ್ರ ನಿಜ. ವೆಲೋಸಿಯೊ ಪೆಡಲಿನ ಬಳಿ ಎರಡು ಹಲ್ಲುಚಕ್ರ ಕೂರಿಸಿ, ಇಳಿದು ಕೈಯಿಂದ ಚೈನು ಎತ್ತಿ ಒಂದರಿಂದ ಇನ್ನೊಂದಕ್ಕೆ ಹಾಕಿಕೊಳ್ಳತೊಡಗಿದ. ಬಯಲಿಗೆ ದೊಡ್ಡದು, ಬೆಟ್ಟಕ್ಕೆ ಚಿಕ್ಕದು. ಮುಂದೆ ಜೀವನವಿಡೀ ಹಲವು ಗಿಯರುಗಳ ಪರವಾಗಿ ಬರೆದ, ಬೇರೆಯವರ ಹೊಸ ಯಂತ್ರಗಳನ್ನು ತುಳಿದು ನೋಡಿದ.

ಇದರ ಲೆಕ್ಕ ಸರಳ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 22 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎರಡು ಸುತ್ತು. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್, ಹಾಗಾಗಿ ಸೈಕಲ್ 4.2 ಮೀಟರ್ ಮುಂದೆ ಹೋಗುತ್ತದೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ, ಅದೊಂದು ಸುತ್ತಿಗೆ ನೀವು ನಿಮ್ಮನ್ನೂ ಸೈಕಲ್ಲನ್ನೂ 34 ಸೆಂಟಿಮೀಟರ್ ಮೇಲಕ್ಕೆತ್ತಿದಿರಿ. ಮುಂದೆ 34, ಹಿಂದೆಯೂ 34 ಹಲ್ಲು ಇದ್ದರೆ ಎತ್ತುವುದು 17 ಸೆಂಟಿಮೀಟರ್, ಅಂದರೆ ಮನೆಯ ಮೆಟ್ಟಿಲೊಂದರಷ್ಟು. ಮೊದಲನೆಯದು ಎರಡೆರಡು ಮೆಟ್ಟಿಲು ಹಾರಿ ಮಾಳಿಗೆಗೆ ಹೋದಂತೆ, ಎರಡನೆಯದು ಒಂದೊಂದೇ ಹತ್ತಿದಂತೆ. ಮಾಳಿಗೆಯ ಎತ್ತರ ಒಂದಿಂಚೂ ಕಡಿಮೆಯಾಗಿಲ್ಲ. ಚಿಕ್ಕ ಗಿಯರ್ ಹಾಕಿದವನು ದುಡಿಮೆ ತಪ್ಪಿಸಿಕೊಂಡ ಎನ್ನುವವರು ಇದನ್ನು ಮರೆಯುತ್ತಾರೆ. ಅವನು ದುಡಿಮೆಯನ್ನು ಹೆಚ್ಚು ತುತ್ತು ಮಾಡಿಕೊಂಡಿದ್ದಾನೆ, ಅಷ್ಟೆ.

ಎರಡನೆಯವನು ಆಂರಿ ದೆಗ್ರಾಂಜ್. 1893ರಲ್ಲಿ ಪ್ಯಾರಿಸ್ಸಿನ ಟ್ರ್ಯಾಕಿನಲ್ಲಿ ಒಂದು ಗಂಟೆಗೆ 35.325 ಕಿಲೋಮೀಟರ್ ತುಳಿದು ದಾಖಲೆ ಮಾಡಿದವನು. 'ಲೊತೊ' ಪತ್ರಿಕೆಯ ಸಂಪಾದಕನಾಗಿ 1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ. ಅದಕ್ಕೆ ಒಂದು ವರ್ಷ ಮೊದಲು ಟೂರ್ಮಲೆ ಸೀಮೆಯ ಬೆಟ್ಟಗಳಲ್ಲಿ ಒಂದು ಪರೀಕ್ಷೆ ನಡೆದಿತ್ತು. ಮಾರ್ತ್ ಎಸ್ ಎಂಬ ಹೆಂಗಸು ಮೂರು ಗಿಯರಿನ ಸೈಕಲ್ಲಿನಲ್ಲಿ, ಫಿಶರ್ ಎಂಬ ಪಂದ್ಯದ ಸವಾರ ಒಂದೇ ಗಿಯರಿನಲ್ಲಿ ಹೊರಟರು. ಗೆದ್ದವಳು ಅವಳು, ಅದೂ ನೆಲಕ್ಕೆ ಕಾಲಿಡದೆ, ಎಂದು ಸೈಕಲ್ ಚರಿತ್ರೆಗಳು ಹೇಳುತ್ತವೆ. ದೆಗ್ರಾಂಜನಿಗೆ ಇದು ಹಿಡಿಸಲಿಲ್ಲ. ಗಿಯರು ಬದಲಿಸುವುದೆಲ್ಲ ನಲವತ್ತೈದು ದಾಟಿದವರಿಗೆ, ಸ್ನಾಯುವಿನ ಗೆಲುವೇ ಗೆಲುವು, ನಾವು ಮೆತ್ತಗಾಗುತ್ತಿದ್ದೇವೆ ಎಂಬ ಧಾಟಿಯಲ್ಲಿ ಬರೆದ. ಆಗ ಅವನಿಗೆ ಮೂವತ್ತೇಳು. ವೆಲೋಸಿಯೊಗೆ ನಲವತ್ತೊಂಬತ್ತು.

ನನಗೆ ಅನ್ನಿಸುವುದು, ಈ ಜಗಳದಲ್ಲಿ ಸಿದ್ಧಾಂತಕ್ಕಿಂತ ಭೂಗೋಳ ದೊಡ್ಡದು. ದೆಗ್ರಾಂಜನ ಮೈ ಕಲಿತದ್ದು ಸಪಾಟಾದ ಟ್ರ್ಯಾಕಿನಲ್ಲಿ. ಅಲ್ಲಿ ಒಂದು ಗಿಯರ್ ಸಾಕು, ಎರಡನೆಯದು ಬರೀ ಭಾರ. ವೆಲೋಸಿಯೊನ ಮನೆಬಾಗಿಲಲ್ಲೇ ಬೆಟ್ಟವಿತ್ತು. ಜೊತೆಗೆ ಒಬ್ಬನಿಗೆ ಬೇಕಾಗಿದ್ದವನು ಜನ ನಿಂತು ನೋಡುವಂಥ ವೀರ, ಇನ್ನೊಬ್ಬನಿಗೆ ಭಾನುವಾರ ಬೆಟ್ಟದಾಚೆಗೆ ಹೋಗಿಬರುವ ಸಾಮಾನ್ಯ ಸವಾರ.

ದೆಗ್ರಾಂಜನೇ 1910ರಲ್ಲಿ ತನ್ನ ಸವಾರರನ್ನು ಪಿರನೀಸ್ ಪರ್ವತಗಳಿಗೆ ಕಳಿಸಿದ. ಒಂದೇ ದಿನ 326 ಕಿಲೋಮೀಟರ್, ನಡುವೆ 2115 ಮೀಟರಿನ ಟೂರ್ಮಲೆ. ಆ ವರ್ಷದ ಟೂರ್ ಗೆದ್ದ ಒಕ್ತಾವ್ ಲಪೀಜ್ ಕೂಡ ಟೂರ್ಮಲೆಯಲ್ಲಿ ಇಳಿದು ತಳ್ಳಿದ. ಮುಂದೆ ಒಬಿಸ್ಕ್ ಏರಿನಲ್ಲಿ ಅವನು ಸಂಘಟಕರತ್ತ ಕೊಲೆಗಡುಕರೆಂದು ಕೂಗಿದ್ದು ಈಗಲೂ ಪ್ರಸಿದ್ಧ. ಟೂರ್ಮಲೆಯನ್ನು ಇಳಿಯದೆ ಹತ್ತಿದ ಗಾರಿಗೂಗೆ ನೂರು ಫ್ರಾಂಕ್ ಬಹುಮಾನ ಬಂತು. ಯಂತ್ರ ಕೊಡಬಹುದಾಗಿದ್ದ ಸೌಲಭ್ಯ ಅಲ್ಲಿ ಬಹುಮಾನವಾಗಿತ್ತು.

ಮುಂದಿನ ಎರಡು ದಶಕಗಳ ಪಂದ್ಯಗಳಲ್ಲಿ ಇದ್ದ ಉಪಾಯ ಒಂದೇ. ಹಿಂಗಾಲಿಯ ಎರಡೂ ಬದಿಗೆ ಬೇರೆಬೇರೆ ಅಳತೆಯ ಹಲ್ಲುಚಕ್ರ. ಬೆಟ್ಟ ಬಂದಾಗ ಇಳಿದು, ನಟ್ಟು ಸಡಿಲಿಸಿ, ಗಾಲಿಯನ್ನು ತಿರುಗಿಸಿ ಹಾಕಬೇಕು. ಶಿಖರದಲ್ಲಿ ಮತ್ತೆ ಅದೇ. ಇಟಲಿಯ ತುಲ್ಲಿಯೊ ಕಂಪಾನ್ಯೋಲೊ ಹಿಮ ಬಿದ್ದ ಕಣಿವೆದಾರಿಯೊಂದರಲ್ಲಿ ಮರಗಟ್ಟಿದ ಬೆರಳಿಂದ ನಟ್ಟು ಬಿಚ್ಚಲಾಗದೆ ನಿಂತ ಕಥೆ ಆ ಕಾಲದ್ದು. ಒಂದು ಸನ್ನೆ ಎಳೆದರೆ ಗಾಲಿ ಬಿಚ್ಚಿಕೊಳ್ಳುವ ಇಂದಿನ ವ್ಯವಸ್ಥೆಯ ಮೂಲವನ್ನು ಅಲ್ಲಿಗೇ ಒಯ್ಯುತ್ತಾರೆ.

ತುಳಿಯುತ್ತಿರುವಾಗಲೇ ಚೈನನ್ನು ಸರಿಸುವ ಡಿರೇಲರುಗಳು ಅಷ್ಟು ಹೊತ್ತಿಗೆ ಪ್ರವಾಸಿ ಸವಾರರಲ್ಲಿ ಬಳಕೆಯಲ್ಲಿದ್ದವು. ದೆಗ್ರಾಂಜ್ ಮಾತ್ರ ಬಗ್ಗಲಿಲ್ಲ. 1936ರಲ್ಲಿ ಕಾಯಿಲೆಯಿಂದ ಅವನು ಟೂರನ್ನು ಅರ್ಧದಲ್ಲೇ ಬಿಟ್ಟ, ಜಾಕ್ ಗೊದೆ ಹೊಣೆ ಹೊತ್ತ. ಮರುವರ್ಷವೇ ಡಿರೇಲರಿಗೆ ಅನುಮತಿ ಸಿಕ್ಕಿತು, ರೊಜೆ ಲಪೆಬಿ ಗೆದ್ದ.

ವೆಲೋಸಿಯೊ ಇದನ್ನು ನೋಡಲಿಲ್ಲ. 1930ರಲ್ಲಿ, ಎಪ್ಪತ್ತಾರು ದಾಟಿದ ವಯಸ್ಸಿನಲ್ಲಿ, ಸಾಂತ್ ಎತಿಯೆನ್‌ನ ಬೀದಿಯಲ್ಲಿ ಟ್ರಾಮ್ ಬಡಿದು ಸತ್ತಿದ್ದ. ಅವನ ನೆನಪಿನ ಕಲ್ಲು ಕೋಲ್ ದ ಲಾ ರಿಪಬ್ಲಿಕ್‌ನಲ್ಲಿದೆ. ಬಯಲಿನವನಾದ ದೆಗ್ರಾಂಜನ ಸ್ಮಾರಕವೂ ಬೆಟ್ಟದ ಮೇಲೆಯೇ ಇದೆ, ಆಲ್ಪ್ಸಿನ ಗಾಲಿಬಿಯೆ ಕಣಿವೆದಾರಿಯ ಬಳಿ, 2600 ಮೀಟರ್ ಎತ್ತರದ ಆಸುಪಾಸಿನಲ್ಲಿ. ಅದನ್ನು ನೋಡಲು ಹೋಗುವ ಸವಾರರ ಹಿಂಗಾಲಿಯಲ್ಲಿ ಈಗ ಹನ್ನೊಂದೋ ಹನ್ನೆರಡೋ ಹಲ್ಲುಚಕ್ರಗಳಿರುತ್ತವೆ.